ಬಾವುಟ ಹಿಡಿಯುವವಳ ಹೆಸರು

ಸ್ಯಾನ್ ಸಾಲ್ವಡಾರ್,
ಶುಕ್ರವಾರ, 13 ಸೆಪ್ಟೆಂಬರ್ 1996

ಪ್ರೀತಿಯ ಗ್ಲೆಂಡಾ,

ನಾಲ್ಕು ಬೀದಿ ಆಚೆ ಇರುವವಳಿಗೆ ಕಾಗದ ಬರೆಯುತ್ತಿದ್ದಾಳೆ ಎಂದು ನಗಬೇಡ. ನೀನು ಪಾಠ ಮಾಡುವ ಶಾಲೆಯ ಗೇಟಿಗೆ ಬಂದು ನಿನ್ನನ್ನು ಕರೆಸಿದರೆ ಅಲ್ಲಿನ ಹುಡುಗರು ನಾನು ಎದುರಾಳಿ ಶಾಲೆಯ ಮಿಸ್ ಎಂದು ಗುರುತು ಹಿಡಿಯುತ್ತಾರೆ. ಫೋನ್ ಮಾಡೋಣವೆಂದರೆ ಅದು ಇರುವುದು ನಿಮ್ಮ ಕಚೇರಿಯಲ್ಲಿ, ಸುತ್ತ ಹತ್ತು ಕಿವಿ. ಅದಕ್ಕೇ ಇದನ್ನು ತೋಯಕ್ಕನ ಕೈಯಲ್ಲಿ ಕಳಿಸುತ್ತಿದ್ದೇನೆ. ನಮ್ಮ ಶಾಲೆಯ ಮೂಲೆಯಲ್ಲಿ ಪುಪುಸಾ ರೊಟ್ಟಿ ತಟ್ಟುವವಳು. ಎರಡೂ ಶಾಲೆಯ ಮಕ್ಕಳು ಅವಳ ಹತ್ತಿರವೇ ತಿನ್ನುತ್ತಾರೆ, ಬೇರೆ ಬೇರೆ ಹೊತ್ತಿನಲ್ಲಿ.

ಬೆಳಗಿನ ತಿಂಡಿ ನನಗೂ ಅಲ್ಲೇ. ಗೋಡೆ ಬದಿಯ ಬೆಂಚಿನಲ್ಲಿ ಕೂತಿರುತ್ತೇನೆ. ಫೆಬ್ರವರಿಯಿಂದ ನೋಡುತ್ತಿದ್ದೇನೆ: ನನ್ನ ತರಗತಿಯ ಯನೀರಾ ಹೂವಿನ ಲಂಗದಲ್ಲಿ ಬರುತ್ತಾಳೆ, ಒಲೆಯ ಹಿಂದಿನ ಪರದೆಯೊಳಗೆ ಹೋಗುತ್ತಾಳೆ, ನಮ್ಮ ಶಾಲೆಯ ಸಮವಸ್ತ್ರದಲ್ಲಿ ಹೊರಬರುತ್ತಾಳೆ. ಸಂಜೆ ಮತ್ತೆ ಹೂವಿನ ಲಂಗ. ಯಾಕೆಂದು ಕೇಳಲಿಲ್ಲ. ನಾನು ಕೇಳುವವಳಲ್ಲ, ನಿನಗೆ ಗೊತ್ತು. ಇರುವುದು ಒಂದೇ ಬಿಳಿ ಅಂಗಿ, ಬಸ್ಸಿನಲ್ಲಿ ಕೊಳೆಯಾದೀತೆಂದು ಹೀಗೆ ಮಾಡುತ್ತಾಳೆ, ಪಾಪ, ಬಡತನದ ನಾಚಿಕೆ ಎಂದುಕೊಂಡೆ. ಆ ನಾಚಿಕೆ ಕಳೆಯಲಿ ಎಂದೇ ಭಾನುವಾರದ ಸ್ವಾತಂತ್ರ್ಯ ದಿನದ ಮೆರವಣಿಗೆಯಲ್ಲಿ ಶಾಲೆಯ ಬಾವುಟ ಹಿಡಿಯಲು ಅವಳ ಹೆಸರು ಕೊಟ್ಟೆ. ಅಂಕದಲ್ಲೂ ಅವಳೇ ಮೊದಲು. ಹೆಸರು ಕೂಗಿದಾಗ ಇಡೀ ತರಗತಿ ಚಪ್ಪಾಳೆ ತಟ್ಟಿತು. ಅವಳು ಮಾತ್ರ ಮೇಜು ನೋಡುತ್ತಿದ್ದಳು. ಅದನ್ನೂ ನಾಚಿಕೆ ಎಂದೇ ಓದಿಕೊಂಡೆ.

ಬುಧವಾರ ಅಭ್ಯಾಸದ ಮೆರವಣಿಗೆ ನಿಮ್ಮ ಶಾಲೆಯ ಮುಂದೆ ಹಾದುಹೋಯಿತು. ನೀನು ಒಳಗಿದ್ದೆಯೋ ಏನೋ. ಮಹಡಿಯ ಕಿಟಕಿಗಳಿಂದ ಎಂದಿನಂತೆ ಶಿಳ್ಳೆ, ಕೂಗಾಟ. ಬಾವುಟ ಕಾಣುತ್ತಲೇ ಎಲ್ಲವೂ ಒಟ್ಟಿಗೆ ನಿಂತುಹೋಯಿತು. ಯಾರೋ ಒಬ್ಬ ಬೆಕ್ಕನ್ನು ಕರೆಯುವ ಹಾಗೆ ಮೆಲ್ಲಗೆ, "ಯನೀ... ಯನೀ..." ಎಂದ. ಅಷ್ಟೆ. ಅವಳು ಬಾವುಟ ತಗ್ಗಿಸಿ ಬೇಗ ಬೇಗ ಹೆಜ್ಜೆ ಹಾಕಿದ್ದು ಹಿಂದೆ ನಡೆಯುತ್ತಿದ್ದ ನನಗೆ ಕಂಡಿತು.

ನಿನ್ನೆ ಬೆಳಿಗ್ಗೆ ತೋಯಕ್ಕ ನನ್ನ ತಟ್ಟೆಯನ್ನು ಕುಕ್ಕಿ ಇಟ್ಟಳು. "ಅಷ್ಟೊಂದ್ ಪುಸ್ತಕ ಓದಿದೀರ ಮಿಸ್, ಇಷ್ಟೂ ಗೊತ್ತಾಗ್ಲಿಲ್ವಾ? ಆ ಮಗು ನಾಚ್ಕೊಂಡು ಬಟ್ಟೆ ಬದ್ಲಾಯಿಸ್ತಿತ್ತಾ? ಜೀವ ಉಳಿಸ್ಕೊಳ್ಳೋಕೆ ಬದ್ಲಾಯಿಸ್ತಿತ್ತು!"

ಯನೀರಾ ಕಳೆದ ವರ್ಷದವರೆಗೆ ನಿಮ್ಮ ಶಾಲೆಯವಳು, ಗ್ಲೆಂಡಾ. ನರ್ಸ್ ಆಗಬೇಕೆಂಬ ಆಸೆ. ಆ ವಿಭಾಗ ನಿಮ್ಮಲ್ಲಿಲ್ಲ, ನಮ್ಮಲ್ಲಿದೆ. ಅವಳ ಅಣ್ಣ ವಿಲ್ಮರ್ ಈಗಲೂ ನಿನ್ನ ತರಗತಿಯಲ್ಲಿದ್ದಾನೆ. ಒಂದೇ ಮನೆಯಲ್ಲಿ ಅವರಮ್ಮ ಎರಡು ಶಾಲೆಯ ಅಂಗಿಗೆ ಇಸ್ತ್ರಿ ಹಾಕುತ್ತಾಳೆ. ಎದುರಾಳಿ ಶಾಲೆಯವರ ಎದೆಯ ಲಾಂಛನ ಕಿತ್ತು ತಂದು ಬೆಲ್ಟಿನ ಒಳಮೈಗೆ ಹೊಲಿದುಕೊಳ್ಳುವ ಈ ಹುಡುಗರ ಪಂದ್ಯ ನಿನಗೆ ಹೊಸತಲ್ಲ. ಮೊದಲು ಬರಿಗೈಯಲ್ಲಿ ಕೀಳುತ್ತಿದ್ದರು, ಈಗ ಚಾಕು ಬಂದಿದೆ. ಜುಲೈನಲ್ಲಿ ನಮ್ಮ ಹುಡುಗನೊಬ್ಬ ಮೂರು ವಾರ ಆಸ್ಪತ್ರೆಯಲ್ಲಿದ್ದ. ತಮ್ಮ ಶಾಲೆ ಬಿಟ್ಟು ಎದುರಾಳಿ ಶಾಲೆಗೆ ಹೋದವರ ಲಾಂಛನ ಸಿಕ್ಕರಂತೂ ಅವರಿಗೆ ಹಬ್ಬ.

ಬುಧವಾರ ಸಂಜೆ ವಿಲ್ಮರ್ ಅಂಗಡಿಗೆ ಬಂದಿದ್ದನಂತೆ. "ಅಕ್ಕಾ, ಭಾನುವಾರ ಅಂಗ್ಡಿ ತೆಗ್ದಿರ್ತೀಯಾ? ನನ್ ತಂಗಿ ಓಡ್ ಬಂದ್ರೆ ಒಳಗ್ ಸೇರ್ಸ್ಕೊ," ಎಂದವನು ಅಲ್ಲೇ ಅತ್ತುಬಿಟ್ಟನಂತೆ. ಅವನ ಜೊತೆಯವರು ಹೇಳಿದ್ದಾರೆ: "ನಿನ್ ತಂಗಿ ತಾನೇ, ಮೆರವಣಿಗೇಲಿ ಎಲ್ರೆದುರಿಗೆ ನೀನೇ ಕೀಳು. ನಿನ್ ಕೈಲಾಗಲ್ಲ ಅಂದ್ರೆ ನಾವ್ ಕೀಳ್ತೀವಿ. ನಾವ್ ನಿನ್ನಷ್ಟ್ ಮೆಲ್ಲಗೆ ಕೀಳಲ್ಲ."

ಯನೀರಾ ಮನೆಯಲ್ಲೇ ಉಳಿಯಬಹುದಲ್ಲ ಎನ್ನುತ್ತೀಯ. ನಿನ್ನೆ ಅವಳನ್ನು ಕರೆದು ನಾನೂ ಅದನ್ನೇ ಹೇಳಿದೆ. "ನಾನಾಗೇ ಬರ್ದೇ ಹೋದ್ರೆ, ನೀನೇ ಹೇಳ್ಕೊಟ್ಟೆ ಅಂತ ಅಣ್ಣನ್ನ ಹಿಡೀತಾರೆ ಮಿಸ್. ಶಾಲೆಯೋರೇ ಪಟ್ಟಿಯಿಂದ ಹೆಸ್ರು ತೆಗೆದ್ರೆ ಅವನ ತಪ್ಪಿರಲ್ಲ. ನೀವೊಂದ್ ಮಾತು ದೊಡ್ ಮೇಷ್ಟ್ರಿಗೆ ಹೇಳಿ," ಎಂದಳು. ಏಳು ತಿಂಗಳಲ್ಲಿ ಅವಳು ನನ್ನಲ್ಲಿ ಏನನ್ನಾದರೂ ಕೇಳಿದ್ದು ಅದೊಂದೇ.

ನಿನ್ನೆ ಸಂಜೆಯೇ ಮುಖ್ಯೋಪಾಧ್ಯಾಯ ಅಬೆಲಿನೊ ಅವರ ಕೋಣೆಗೆ ಹೋದೆ. ಎಲ್ಲ ಹೇಳಿದೆ. ಅವರು ಕನ್ನಡಕ ಒರೆಸಿಕೊಳ್ಳುತ್ತಾ, "ಪಟ್ಟಿ ಎಲ್ಲಾ ಶಾಲೆಗೂ ಹೋಗಿದೆ ಮಿಸ್. ಈಗ ಹೆಸ್ರು ಬದ್ಲಾಯಿಸಿದ್ರೆ ನಾವ್ ಹೆದರಿದ್ವಿ ಅನ್ಕೋತಾರೆ," ಎಂದು ತಳ್ಳಿಹಾಕಿದರು. ಇನ್ನು ಉಳಿದಿರುವುದು ನೀನು. ಮೆರವಣಿಗೆಯಲ್ಲಿ ನಿಮ್ಮ ಸಾಲು ಸರಿಯಾಗಿ ನಮ್ಮ ಬೆನ್ನಿಗೇ ಇದೆ. ನಿಮ್ಮ ದೊಡ್ಡ ಮೇಷ್ಟ್ರಿಗೆ ಹೇಳಿ ಅದನ್ನು ಎಲ್ಲರಿಗಿಂತ ಮುಂದಕ್ಕೆ ಹಾಕಿಸು. ನೀನು ಹೇಳಿದರೆ ಜನ ಕೇಳುತ್ತಾರೆ. ವಿಶ್ವವಿದ್ಯಾಲಯದಲ್ಲಿ ನನ್ನ ಪಾಲಿನ ಮಾತನ್ನೂ ನೀನೇ ಆಡುತ್ತಿದ್ದೆ.

ನಿನ್ನ
ಮೀರ್ಥಾ

ಮರೆತ ಮಾತು: ಮರೆತದ್ದಲ್ಲ, ಮುಚ್ಚಿಟ್ಟದ್ದು. ಅಬೆಲಿನೊ ಅವರ ಹತ್ತಿರ ನಾನು ಮಾತಾಡಲಿಲ್ಲ, ಗ್ಲೆಂಡಾ. ಮೇಲೆ ಬರೆದ ಅವರ ಮಾತು ನಾನೇ ಕಟ್ಟಿದ್ದು. ಮೂರು ಸಲ ಬಾಗಿಲವರೆಗೆ ಹೋದೆ. ಮೂರನೆಯ ಸಲ ಅವರೇ ತಲೆಯೆತ್ತಿ, "ಏನ್ ಮಿಸ್, ಏನಾದ್ರೂ ಬೇಕಿತ್ತಾ?" ಎಂದರು. ಕೋಣೆಯಲ್ಲಿ ಇನ್ನಿಬ್ಬರು ಮೇಷ್ಟ್ರುಗಳಿದ್ದರು. ಸೀಮೆಸುಣ್ಣ ಮುಗಿದಿದೆ ಎಂದೆ. ಎರಡು ಡಬ್ಬಿ ಕೊಟ್ಟರು. ಇವತ್ತು ಮಧ್ಯಾಹ್ನ ಅವರು ಹೆಂಡತಿಯ ಊರಿಗೆ ಹೋದರು, ಭಾನುವಾರ ನೇರ ಮೆರವಣಿಗೆಗೇ ಬರುವುದು. ನಿನ್ನೆ ಸೀಮೆಸುಣ್ಣ ಹಿಡಿದು ಹೊರಬಂದಾಗ ಯನೀರಾ ಕಾಯುತ್ತಿದ್ದಳು. ಅವಳ ಮುಖ ನೋಡಲಾರದೆ, "ಹೇಳಿದೀನಿ, ಹೆಸ್ರು ತೆಗೆದ್ರು," ಎಂದುಬಿಟ್ಟೆ. ಅವಳು ನನ್ನ ಕೈ ಹಿಡಿದುಕೊಂಡಳು. ಅಣ್ಣನಿಗೂ ಹೇಳಿ ನೆಮ್ಮದಿಯಾಗಿದ್ದಾಳೆ. ಭಾನುವಾರ ಅವಳು ಬರುವುದಿಲ್ಲ. ಪಟ್ಟಿಯಲ್ಲಿ ಹೆಸರು ಹಾಗೇ ಇದೆ, ಎಂಟು ಗಂಟೆಗೆ ಧ್ವನಿವರ್ಧಕದಲ್ಲಿ ಕೂಗುತ್ತಾರೆ. ಒಂದು ಸಲ, ಎರಡು ಸಲ. ಆಗ ನಿಮ್ಮ ಸಾಲಿನವರೆಲ್ಲ ತಿರುಗಿ ನೋಡುವುದು ವಿಲ್ಮರ್‌ನನ್ನು.