ಶಿವಾಜಿಯ ನಂಬರಿಗೆ ಎರಡು ಕಂತು

ವಿಜಯಪುರ, ಗುರುವಾರ

ತಂಗಿ ರೇಣವ್ವಗೆ,

ನಿನ್ನೆ ಫೋನಿನಲ್ಲಿ ನೀನು, ‘ಅಣ್ಣಾ, ಮಂದಿ ರೊಕ್ಕದ ಲೆಕ್ಕ ಬರಿಯಾಕ ನನ್ನ ಮಗಳು ಅಲ್ಲಿ ಯಾಕ ಇರಬೇಕು? ಶನಿವಾರ ನಿಡೋಣಿಗೆ ಕರಕೊಂಡ ಬಾ’ ಅಂದೆಯಲ್ಲ, ಅದಕ್ಕೆ ಉತ್ತರ ಇವತ್ತು ಸಿಕ್ಕಿತು. ನಿನ್ನ ಮಗಳು ನೀಲಾ ಲೆಕ್ಕ ಬರೆಯುವ ವಿಮಾ ಆಫೀಸಿನ ಬೆಂಚಿನ ಮೇಲೆ ಕೂತಿದ್ದೆ. ತಿಕೋಟಾದ ಒಬ್ಬ ಹೆಣ್ಣುಮಗಳು ಬಂದಳು, ಗಂಡ ತೀರಿಕೊಂಡಿದ್ದಾನೆ. ಕೊನೆಯ ಕಂತು ಬಂದಿಲ್ಲ, ಪಾಲಿಸಿ ರದ್ದಾಗಿದೆ ಎಂದು ಸಾಹೇಬರು ಕಾಗದ ವಾಪಸು ಕೊಟ್ಟರು. ಆಕೆ ಏಳಲೇ ಇಲ್ಲ. ಆಗ ನೀಲಾ ಕೇಳಿದಳು, ‘ಅಕ್ಕಾರ, ರೊಕ್ಕ ಯಾರ ಕೈಯಾಗ ಕೊಟ್ಟಿದ್ರಿ?’

‘ಬಾಜೂ ಮನಿ ಶಿವಾಜಿ ಪ್ಯಾಟಿಗೆ ಹೊಂಟಿದ್ದ, ಅವನ ಕೈಯಾಗ್ರಿ.’

ನಮ್ಮ ಕಡೆಯ ರೂಢಿ ನಿನಗೆ ಗೊತ್ತೇ ಇದೆ, ಪೇಟೆಗೆ ಹೋಗುವವನೇ ಓಣಿಯವರ ಕಂತನ್ನೆಲ್ಲ ಕಟ್ಟಿ ಬರುತ್ತಾನೆ. ನೀಲಾ ಶಿವಾಜಿಯ ಖಾತೆ ತೆಗೆದಳು. ಒಂದೇ ದಿನ ಎರಡು ಕಂತು! ಒಂದು ಆಕೆಯದು, ಪೈಸೆ ಹೆಚ್ಚುಕಡಿಮೆ ಇಲ್ಲ.

ಸಾಹೇಬರು ನಕ್ಕರು. ‘ಯವ್ವಾ ನೀಲಾ, ನಿಮ್ಮ ಮಂದಿ ಒಬ್ಬನ ನಂಬರಿಗೆ ಇಡೀ ಓಣಿ ಕಂತು ಕಟ್ಟತಾರಲ್ಲ! ಆ ಕಂತು ಈಕಿ ನಂಬರಿಗೆ ತಿರುಗಿಸಿ ಬರಿ, ನಾ ಸಹಿ ಹಾಕ್ತೇನಿ.’

ನಮ್ಮ ಕಾಲೇಜಿನಲ್ಲಿ ಲೆಕ್ಕ ಬರೆಯುವ ಸೂತ್ರ ಹೇಳುತ್ತಿದ್ದರು, ಡೆಬಿಟ್ ದಿ ರಿಸೀವರ್, ಕ್ರೆಡಿಟ್ ದಿ... ಮುಂದಿನದು ನನಗೆ ಮರೆತಿದೆ. ನಿನ್ನ ಮಗಳಿಗೆ ಮರೆತಿಲ್ಲ. ನಿನ್ನ ವೈನಿ, ನನ್ನಾಕೆ, ಬದುಕಿದ್ದಿದ್ದರೆ ಓಣಿಗೆಲ್ಲ ಪೇಡೆ ಹಂಚುತ್ತಿದ್ದಳು.

ಮೊಣಕಾಲು ಪರವಾಗಿಲ್ಲ, ಗುಳಿಗೆ ಮುಗಿದಿವೆ. ಶನಿವಾರದ ಬಸ್ಸಿಗೆ ನಾನೊಬ್ಬನೇ ಬರುತ್ತೇನೆ, ಬೈಯುವುದಿದ್ದರೆ ನನ್ನನ್ನೇ ಬೈ. ಬೆಳಕು ಹೋಗುತ್ತಿದೆ, ಬರೆದ ಸಾಲು ಕಾಣುತ್ತಿಲ್ಲ.

ನಿನ್ನ ಅಣ್ಣ,
ರಾಯಪ್ಪ