ಇಲ್ಲ ಎಂಬ ಉತ್ತರ

ಜೂನ್ ೨೧, ಭಾನುವಾರ

ಪ್ರೀತಿಯ ಅಕ್ಕ,

ನಿನ್ನ ಎರಡು ಕಾಗದಕ್ಕೂ ಸೇರಿಸಿ ಒಂದೇ ಉತ್ತರ ಬರೆಯುತ್ತಿದ್ದೇನೆ, ಬೈಯಬೇಡ. ಆ ಹಾಳು ಜ್ವರ ಇಲ್ಲಿಗೆ ಮತ್ತೆ ಬಂದದ್ದು ನಿನಗೂ ಗೊತ್ತಲ್ಲ, ವಾರ್ಡು ಖಾಲಿಯಾಗುತ್ತಿರುವುದೇ ಈಗ. ನಾನು ಚೆನ್ನಾಗಿದ್ದೇನೆ, ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದೇನೆ. ಎರಡನೆಯದು ಅರ್ಧ ಸುಳ್ಳು.

ಕಳೆದ ಸಲ ಔಷಧಿ ಪರೀಕ್ಷೆ ಮಾಡುವವರು ದೂರದಿಂದ ಬಂದು ಪೆಟ್ಟಿಗೆ ಬಿಚ್ಚುವಷ್ಟರಲ್ಲಿ ಜ್ವರವೇ ಊರು ಬಿಟ್ಟಿತ್ತು. ಯಾವ ಮದ್ದು ಕೆಲಸ ಮಾಡಿತು, ಯಾವುದು ಮಾಡಲಿಲ್ಲ, ಯಾರಿಗೂ ತಿಳಿಯಲಿಲ್ಲ. ಅದಕ್ಕೇ ಈ ಭಾಗದ ನಾಲ್ಕು ಆಸ್ಪತ್ರೆಯವರು ಸೇರಿ, ಜ್ವರ ಇಲ್ಲದ ವರ್ಷಗಳಲ್ಲೇ ತಯಾರಾದೆವು. ರೋಗಿಯ ಒಪ್ಪಿಗೆ ಕೇಳುವುದು ಹೇಗೆ, ರಕ್ತದ ಮಾದರಿ ಕೆಡದಂತೆ ಕಳಿಸುವುದು ಹೇಗೆ, ಎಲ್ಲ ಕಲಿತೆವು. ಅಭ್ಯಾಸಕ್ಕೆಂದು ರೋಗಿಯಾಗಿ ಮಲಗಿದ ನಮ್ಮ ಲ್ಯಾಬಿನವನು ಎಷ್ಟು ಚೆನ್ನಾಗಿ ನರಳಿದನೆಂದರೆ, ಹೊಸ ನರ್ಸ್ ಗಾಬರಿಯಾಗಿ ಡ್ರಿಪ್ ಹಾಕಲು ಹೊರಟಿದ್ದಳು! ರೋಗಿಗಳ ಹಿತ ನೋಡುವ ಸಮಿತಿಯ ಅನುಮತಿಯನ್ನೂ ಮೊದಲೇ ಪಡೆದಿದ್ದೆವು. ಹಾಗಾಗಿ ಜ್ವರ ಕಾಣಿಸಿಕೊಂಡ ವಾರದಲ್ಲೇ ಪರೀಕ್ಷೆ ಶುರುವಾಯಿತು.

ಪರೀಕ್ಷಿಸಿದ್ದು ಕಳೆದ ಸಲ ಜನ ಹುಚ್ಚರಂತೆ ಹುಡುಕಿದರಲ್ಲ, ಅದೇ ಇಂಜೆಕ್ಷನ್. ಆರೈಕೆ, ಡ್ರಿಪ್ಪು ಎಲ್ಲರಿಗೂ ಒಂದೇ. ಅರ್ಧ ಜನಕ್ಕೆ ಮಾತ್ರ ಜೊತೆಗೆ ಇಂಜೆಕ್ಷನ್. ಯಾರಿಗೆ ಎಂಬುದನ್ನು ಚೀಟಿ ಎತ್ತಿದ ಹಾಗೆ ಕಂಪ್ಯೂಟರ್ ಆರಿಸುತ್ತದೆ. ಹೇಳುವುದು ಸುಲಭ. ಟೈಲರ್ ಕೆಲಸದ ಹೆಂಗಸೊಬ್ಬಳು ಮೈಮೇಲೆ ಎಚ್ಚರವಿಲ್ಲದ ಗಂಡನ ಪರವಾಗಿ ಸಹಿ ಹಾಕಿದ್ದಳು. ಅವನಿಗೆ ಇಂಜೆಕ್ಷನ್ ಬರಲಿಲ್ಲ.

"ಡಾಕ್ಟ್ರಮ್ಮ, ನಿಮ್ಮ ಮನೆಯವರೇ ಆಗಿದ್ರೆ ಹೀಗೆ ಚೀಟಿ ಎತ್ತಿಸ್ತಿದ್ರಾ?" ಎಂದು ಕೇಳಿದಳು.

"ಅದ್ರಿಂದ ವಾಸಿಯಾಗುತ್ತೋ ಇಲ್ವೋ ನಂಗೇ ಗೊತ್ತಿಲ್ಲ ಕಣಮ್ಮ. ಗೊತ್ತಿದೆ ಅಂತ ಹೇಗೆ ಕೊಡ್ಲಿ?" ಎಂದೆ. ಅವಳಿಗೆ ಅದು ಉತ್ತರವೆನಿಸಲಿಲ್ಲ. ಗಂಡ ಉಳಿಯಲಿಲ್ಲ.

ಕಳೆದ ತಿಂಗಳು ನಾಲ್ಕೂ ಆಸ್ಪತ್ರೆಗಳ ಫಲಿತಾಂಶ ಬಂತು. ಇಂಜೆಕ್ಷನ್ ಪಡೆದವರಲ್ಲೂ ಪಡೆಯದವರಲ್ಲೂ ಉಳಿದವರು, ಹೋದವರು ಹೆಚ್ಚುಕಮ್ಮಿ ಅಷ್ಟಷ್ಟೇ. ಹೆಡ್ ನರ್ಸ್ ಕುರ್ಚಿಯಲ್ಲಿ ಕುಸಿದು, "ಇಷ್ಟೆಲ್ಲ ಹೆಣಗಾಡಿದ್ದು 'ಇಲ್ಲ' ಅನ್ನಿಸ್ಕೊಳ್ಳೋಕಾ?" ಎಂದರು. ನನಗೂ ಸಂಕಟವಾಯಿತು. ಆದರೆ ಬೇರೆ ಯಾರೋ ಬಂದು ಹೇಳಲೆಂದು ಕಾಯದೆ, ನಮ್ಮ ಹಾಸಿಗೆಗಳ ಪಕ್ಕದಲ್ಲೇ ನಮಗೆ ಸಿಕ್ಕ ಮೊದಲ ಉತ್ತರ ಅದು. ಈಗ ಇದೇ ಜನ ಇನ್ನೊಂದು ಮದ್ದಿನ ಪರೀಕ್ಷೆಗೆ ಸಜ್ಜಾಗುತ್ತಿದ್ದಾರೆ.

ಟೈಲರ್ ಅಂಗಡಿಗೆ ನಾನೇ ಹೋದೆ. ಅವಳು ಮಿಷನ್ ನಿಲ್ಲಿಸಿ ಕೇಳಿಸಿಕೊಂಡಳು.

"ಅಂದ್ರೆ, ಕೊಟ್ಟಿದ್ರೂ..."

"ಕೊಟ್ಟಿದ್ರೆ ಉಳೀತಿದ್ರು ಅನ್ನೋಕೆ ಏನೂ ಆಧಾರ ಇಲ್ಲಮ್ಮ."

ಕೈಲಿದ್ದ ಬಟ್ಟೆ ಬದಿಗಿಟ್ಟು, "ಒಳಗೆ ಬಂದು ನಮ್ಮತ್ತೆಗೂ ಹೇಳಿ. ಸಹಿ ಹಾಕಿ ನಾನೇ ಅವರ ಮಗನ್ನ ಕೊಂದೆ ಅಂತಿದಾರೆ" ಎಂದಳು.

ಹೇಳಿದೆ. ಅತ್ತೆ ಮಂಚದ ಮೇಲೆ ಒಂದಿಷ್ಟು ಸರಿದು, ಸೊಸೆಗೆ ಕೂರಲು ಜಾಗ ಮಾಡಿದರು.

ನಿನ್ನ ಮೊಣಕಾಲು ನೋವು ಹೇಗಿದೆ? ಮೆಟ್ಟಿಲು ಹತ್ತಬೇಡ. ಮಕ್ಕಳಿಗೆ ನನ್ನ ಮುದ್ದು, ಅವು ನಗುನಗುತ್ತಾ ಇರಲಿ. ನನ್ನ ತಲೆ ಮೇಲೆ ನಿನ್ನ ಕೈ ಸದಾ ಇರಲಿ.

ನಿನ್ನ
ಪುಟ್ಟಿ

ತಾ.ಕ.: ಇದು ಮರೆತು ಉಳಿದ ಮಾತಲ್ಲ, ಧೈರ್ಯ ಸಾಲದೆ ಉಳಿದದ್ದು. ಕಳೆದ ಸಲ ಭಾವನೂ ಅವರ ತಮ್ಮನೂ ಒಟ್ಟಿಗೇ ಹಾಸಿಗೆ ಹಿಡಿದಾಗ, ಆಸ್ಪತ್ರೆಯಲ್ಲಿದ್ದ ಕೊನೆಯ ಇಂಜೆಕ್ಷನ್ ತಮ್ಮನಿಗೆ ಹೋಯಿತು. ಅವನು ಎದ್ದು ಮನೆಗೆ ಬಂದ, ಭಾವ ಬರಲಿಲ್ಲ. ಅಂದಿನಿಂದ ನೀನು ಓರಗಿತ್ತಿಯ ಜೊತೆ ಮಾತು ಬಿಟ್ಟೆ, ಒಂದೇ ಮನೆಯಲ್ಲಿ ಎರಡು ಒಲೆಯಾದವು. ಆ ಇಂಜೆಕ್ಷನ್ ಇದೇ, ಅಕ್ಕ. ಅವಳು ನಿನ್ನಿಂದ ಏನನ್ನೂ ಕಿತ್ತುಕೊಳ್ಳಲಿಲ್ಲ. ಅವಳ ಹತ್ತಿರ ಮಾತಾಡಲು ಈಗಲೇ ಆಗದಿದ್ದರೆ ಬೇಡ. ಅಣ್ಣನ ಉಸಿರನ್ನು ತಾನು ಆಡುತ್ತಿರುವವನಂತೆ ತಲೆ ತಗ್ಗಿಸಿ ಓಡಾಡುತ್ತಾನಲ್ಲ ನಿನ್ನ ಮೈದುನ, ಅವನಿಗಾದರೂ ಈ ಕಾಗದ ಓದಿ ಹೇಳು.