ಬಾಗಿನದೊಳಗಿನ ಈರುಳ್ಳಿ

ಹೊಸ ಅಗ್ರಹಾರ
ಗೌರಿ ಹಬ್ಬಕ್ಕೆ ನಾಕು ದಿನ ಮುಂಚೆ, 1998

ಒಡಹುಟ್ಟಿದ ತಂಗಿ ಚೆಲುವಮ್ಮನಿಗೆ ನಿನ್ನ ಅಕ್ಕ ಪುಟ್ಟಮಾದಮ್ಮ ಬರೆಯುವುದು. ನಾನು ಚೆನ್ನಾಗಿದೀನಿ. ನೀನು ಹೆಂಗಿದೀಯ ಅಂತ ಕೇಳಲ್ಲ, ಹೋದ ಶನಿವಾರ ಕಣ್ಣಾರೆ ನೋಡಿ ಬಂದಿದೀನಿ.

ಅವ್ವ ಸತ್ತ ಮೇಲೆ ಇಪ್ಪತ್ತೆರಡು ವರ್ಷ ತವರಿನ ಬಾಗಿನ ಕಳಿಸಿದೋಳು ನಾನು. ಈ ಸಲಾನೂ ಕಳಿಸಿದೀನಿ. ಮೇಲಿನ ಮೊರ ಎತ್ತಿ ನೋಡು. ಸೀರೆ ಇಲ್ಲ, ಬಳೆ ಇಲ್ಲ. ಅರಿಶಿನ ಕುಂಕುಮ ಇಟ್ಟಿದೀನಿ, ನಿನ್ನ ಗಂಡನ ಮೇಲೆ ನನಗೆ ಸಿಟ್ಟಿಲ್ಲ. ಮಿಕ್ಕಂಗೆ ಒಂದು ಈರುಳ್ಳಿ ಐತೆ. ಯಾಕೆ ಅಂತ ನಿನಗೆ ಗೊತ್ತು. ಗೊತ್ತಿಲ್ಲದೋಳಂಗೆ ಮುಖ ಮಾಡ್ತೀಯಲ್ಲ, ಅದಕ್ಕೇ ಬರೀತಿದೀನಿ.

ಹೈಸ್ಕೂಲು ಓದಲಿ ಅಂತ ಮೊಮ್ಮಗಳು ಮೀನಾನ ಕೆ.ಆರ್. ನಗರದ ನಿನ್ನ ಮನೇಲಿ ಬಿಟ್ಟೆ. ನಿನ್ನ ಮೊಮ್ಮಗ ವಸಂತನೂ ಅದೇ ಹತ್ತನೇ ಕ್ಲಾಸು. ಮೈಕ್ರೋಸ್ಕೋಪಿಗೆ ಕಣ್ಣಿಟ್ಟು ಈರುಳ್ಳಿ ಪೊರೆಯ ಜೀವಕೋಶ ನೋಡಿ ಹುಡುಗಿ ವಿಜ್ಞಾನದ ಪುಸ್ತಕದಲ್ಲಿ ಚಿತ್ರ ಬರೆದಳು. ಇಟ್ಟಿಗೆ ಗೋಡೆಯಂಗೆ ಸಾಲು ಸಾಲು ಕೋಣೆ, ಕೋಣೆಗೊಂದು ಚುಕ್ಕೆ. ಪ್ರದರ್ಶನಕ್ಕಿಡೋಕೆ ಅಂತ ಆ ಪುಸ್ತಕದ ಹೆಸರಿನ ಚೀಟಿ ಕಿತ್ತು ವಸಂತನ ಹೆಸರು ಅಂಟಿಸಿದೋಳು ನೀನು. ಹುಡುಗಿ ಇದು ನಂದು ಅಂದಾಗ ಉಷಾರಾಣಿ ಟೀಚರ ಹತ್ರ ಹೋಗಿ, ಅವಳ ಕೈ ಸುಮ್ಕಿರಲ್ಲ ಕಣವ್ವ, ನಮ್ಮ ಮನೇಲೂ ಇದೇ ಗೋಳು, ಅಂದೋಳೂ ನೀನೇ. ಕ್ಲಾಸಿನೆದುರು ಕಳ್ಳಿ ಅನ್ನಿಸ್ಕೊಂಡು ಮೀನಾ ಊರಿಗೆ ಬಂದಳು, ಇನ್ನು ಸ್ಕೂಲಿಗೆ ಕಾಲಿಡಲ್ಲ ಅಂದಳು. ಒಂದು ತಿಂಗಳು ಹೊಗೆಸೊಪ್ಪು ಕಡ್ಡಿಗೆ ಕಟ್ಟುತ್ತಾ ಕೂತಳು. ಪೆನ್ನು ಹಿಡಿಯೋ ಬೆರಳೆಲ್ಲ ಕರೀ ಅಂಟು.

ಒಂದಿನ ನಾನು ಸಾರಿಗೆ ಈರುಳ್ಳಿ ಬಿಡಿಸ್ತಿದ್ದೆ. ಒಳಗಿನ ತೆಳು ಪೊರೆ ನೋಡಿ ಹುಡುಗಿ ಬಿಕ್ಕಿ ಬಿಕ್ಕಿ ಅತ್ತಳು. ಆಮೇಲೆ ಹೇಳಿದಳು. ಆ ಚಿತ್ರದ ಮೂಲೇಲಿ ದಪ್ಪ ಕಪ್ಪು ಅಂಚಿನ ಒಂದು ಗುಂಡು ಐತಂತೆ. ಅದು ಜೀವಕೋಶ ಅಲ್ಲ ಅಜ್ಜಿ, ಗಾಳಿಗುಳ್ಳೆ, ಮೇಲಿನ ಗಾಜನ್ನ ಓರೆಯಾಗಿ ಇಳಿಸದೆ ದಡಕ್ಕನೆ ಬಿಟ್ಟೆ, ತಪ್ಪು ಗೊತ್ತಾಗಿ ಅಳಿಸೋಣ ಅನ್ನೋವಷ್ಟರಲ್ಲಿ ಪುಸ್ತಕವೇ ಇರಲಿಲ್ಲ, ಅಂದಳು.

ನಾನು ಅಲ್ಲೇ ನಕ್ಕೆ ಕಣೇ ಚೆಲುವಿ. ಕದ್ದೋಳು ನೀನು ತಪ್ಪನ್ನೂ ಸೇರಿಸಿ ಕದ್ದಿದ್ದೆ.

ಹೋದ ಶನಿವಾರ ವಿಜ್ಞಾನ ಪ್ರದರ್ಶನದ ದಿನ ಮೊದಲನೇ ಬಸ್ಸಿಗೇ ಹುಡುಗೀನ ಎಳ್ಕೊಂಡು ಬಂದೆ. ನೀನು ರೇಷ್ಮೆ ಸೀರೆ ಉಟ್ಟು ಮುಂದಿನ ಕುರ್ಚೀಲಿ ಕೂತಿದ್ದೆ. ಬಹುಮಾನ ಆರಿಸೋಕೆ ಮೈಸೂರಿಂದ ಬಂದಿದ್ದ ಮೇಷ್ಟ್ರ ಹತ್ರ ಹೋಗಿ, ಸ್ವಾಮಿ, ಆ ಗುಂಡಗಿರೋದು ಏನು ಅಂತ ಹುಡುಗನ್ನ ಕೇಳಿ, ಅಂದೆ. ವಸಂತ ಒಂಚೂರೂ ತಡವರಿಸಲಿಲ್ಲ. ಒಂದೊಂದು ಕೋಶಕ್ಕೂ ಒಂದೊಂದು ಕೆಲಸ ಸಾರ್, ಇದು ಮಿಕ್ಕವನ್ನ ಕಾಯೋ ಕಾವಲು ಕೋಶ, ಅಂದ. ನೀನು ಹೌದೌದು ಅಂತ ತಲೆ ಆಡಿಸಿದೆ.

ಮೀನಾ ಅಲ್ಲೇ ಈರುಳ್ಳಿ ಪೊರೆ ಬಿಡಿಸಿದಳು. ಗಾಜು ಓರೆಯಾಗಿ ಇಳಿಸಿ ತೋರಿಸಿದಳು, ಕಾವಲುಗಾರ ಇಲ್ಲ. ಇನ್ನೊಂದರ ಮೇಲೆ ದಡಕ್ಕನೆ ಬಿಟ್ಟಳು, ಕಪ್ಪು ಅಂಚು ಹೊತ್ಕೊಂಡು ಬಂದೇಬಿಟ್ಟ. ಮೇಷ್ಟ್ರು ನಕ್ಕು, ಈ ಚಿತ್ರ ಬರೆದೋಳು ನೀನೇ ಕಣಮ್ಮ, ಅಂದರು. ಟೀಚರು ತಲೆ ತಗ್ಗಿಸಿ ಪುಸ್ತಕ ವಾಪಸ್ಸು ಕೊಟ್ಟರು. ನೀನು ಚಪ್ಪಲಿ ಬಿಟ್ಟು ಓಡಿದೆ. ಅವೂ ಮೊರದಲ್ಲಿವೆ, ಪೇಪರು ಸುತ್ತಿದೀನಿ.

ಒಂದೊಂದು ಕೋಶಕ್ಕೂ ಒಂದೊಂದು ಕೆಲಸ ಅಂತಲ್ಲ, ನಿನ್ನ ಮೈಯಲ್ಲಿರೋವೆಲ್ಲ ಸುಳ್ಳಿಗೇ ನಿಂತಿರಬೇಕು.

ಮೀನಾ ಈಗ ದಿನಾ ಬಸ್ಸಲ್ಲಿ ಸ್ಕೂಲಿಗೆ ಹೋಗಿ ಬತ್ತಾಳೆ. ಅದೇ ಕ್ಲಾಸಿನೆದುರು ನಿಂತು, ಕದ್ದೋಳು ನಾನು, ಅಂತ ನಿನ್ನ ಬಾಯಲ್ಲಿ ಹೇಳು. ಅಲ್ಲೀವರೆಗೂ ನನ್ನ ಹೊಸ್ತಿಲು ತುಳೀಬೇಡ. ವರ್ಷ ವರ್ಷವೂ ಬಾಗಿನದಲ್ಲಿ ಈರುಳ್ಳಿಯೇ ಬತ್ತದೆ.

ಇಂತಿ,
ನಿನ್ನ ಬಾಯಿಂದ ಆ ಮಾತು ಬರೋವರೆಗೂ ಅಕ್ಕ ಅಲ್ಲದ
ಪುಟ್ಟಮಾದಮ್ಮ

ಬರೆಯಬಾರದು ಅಂತಿದ್ದೆ, ಬರೀತೀನಿ: ಮೀನಾ ಊರಿಗೆ ಬಂದ ದಿನ, ಇವಳು ಕದ್ದಳು ಅಂತ ನೀನು ಅವಳ ಕೈಲೇ ಬರೆದು ಕಳಿಸಿದ್ದ ಚೀಟಿ ಓದಿ, ಒಡಹುಟ್ಟಿದೋಳು ಸುಳ್ಳು ಬರೀತಾಳಾ ಅಂತ ನಾನೂ ಹುಡುಗೀನ ಪೊರಕೇಲಿ ಬಡಿದೆ. ಅಜ್ಜಿ, ನೀನೂನಾ, ಅಂತ ಒಂದೇ ಮಾತು ಅಂದಳು. ಇವತ್ತಿನವರೆಗೂ ಅದರ ಸುದ್ದಿ ಎತ್ತಿಲ್ಲ. ಮೊರಕ್ಕೆ ಅಂತ ಎರಡು ಈರುಳ್ಳಿ ಆರಿಸಿದ್ದೆ. ಒಂದು ನಿನಗೆ ಕಳಿಸಿದೆ. ಇನ್ನೊಂದು ನನ್ನ ಮುಂದೆ ಐತೆ.